ಹೊಸ ಬೈಕ್ ತಗೊಳ್ಳುತ್ತಿದ್ದೇನೆ: ವಾರಂಟಿ ನಿಜವಾಗಿ ಯಾವುದಕ್ಕೆ ಸಿಗುತ್ತದೆ, ಶೋರೂಮಿನಲ್ಲಿ ಏನೇನು ಕೇಳಬೇಕು?

ಬೀಳಗಿ ಸವಾರ:

ಎಲ್ಲರಿಗೂ ನಮಸ್ಕಾರ. ಬೀಳಗಿ ಹತ್ತಿರದ ಹಳ್ಳಿ ನಮ್ಮದು. ಬಾಗಲಕೋಟೆಯ ನವನಗರದಲ್ಲಿ ಕೆಲಸ. ಹೋಗಿ ಬರೋದು ದಿನಕ್ಕೆ ಸುಮಾರು 60 ಕಿಲೋಮೀಟರ್. ಇಷ್ಟು ದಿನ ಬಸ್ಸಿಗೆ ಓಡಾಡಿದೆ. ಈಗ ಒಂದು 125 ಸಿಸಿ ಬೈಕ್ ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಗಿದೆ. ದೀಪಾವಳಿ ಪಾಡ್ಯಕ್ಕೆ ಗಾಡಿ ಮನೆಗೆ ಬರಬೇಕು ಅಂತ ಅವ್ವನ ಆಸೆ.

ಯಾವ ಗಾಡಿ ಅನ್ನೋದು ನನ್ನ ಪ್ರಶ್ನೆ ಅಲ್ಲ, ಅದು ಗೊತ್ತಾಗಿದೆ. ಭಯ ಇರೋದು ತಗೊಂಡ ಮೇಲಿನದ್ದು. ನಮ್ಮ ಅಣ್ಣ ಮೂರು ವರ್ಷದ ಹಿಂದೆ ಗಾಡಿ ತಗೊಂಡಿದ್ದ. ಮಾರುವಾಗ "ಐದು ವರ್ಷ ವಾರಂಟಿ ಐತ್ರಿ, ಚಿಂತಿ ಬಿಡ್ರಿ" ಅಂದಿದ್ದರು. 14ನೇ ತಿಂಗಳಿಗೆ ಇಂಜಿನ್ ಕೆಳಗೆ ಆಯಿಲ್ ಜಿನುಗೋಕೆ ಶುರುವಾಯಿತು. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಕಲೆ. ತಗೊಂಡು ಹೋದರೆ ಅವರು ಸರ್ವಿಸ್ ಬುಕ್ ತೆರೆದು ಮೂರನೇ ಸರ್ವಿಸ್ ಪುಟ ತೋರಿಸಿದರು. ಖಾಲಿ ಇತ್ತು. ಅದು ಕಬ್ಬಿನ ಸೀಸನ್, ಒಂದು ದಿನ ಶೋರೂಮಿಗೆ ಕೊಡೋಕೆ ಪುರುಸೊತ್ತಿಲ್ಲದೆ ಅಣ್ಣ ಊರಿನ ಗ್ಯಾರೇಜಲ್ಲೇ ಮಾಡಿಸಿದ್ದ. "ನಿಮ್ಮ ವಾರಂಟಿ ಹೋಯಿತು" ಅಂದರು. 4,200 ರೂಪಾಯಿ ಕೊಟ್ಟು ಬಂದ.

ಈಗ ನನಗೆ ಎರಡು ಕಡೆ ಕೊಟೇಶನ್ ಕೊಟ್ಟಿದ್ದಾರೆ. ಒಂದು ತಾಲೂಕಿನ ಸಬ್ ಡೀಲರ್, ಇನ್ನೊಂದು ಬಾಗಲಕೋಟೆಯ ಮೇನ್ ಶೋರೂಮ್. ಸಬ್ ಡೀಲರ್ ಹತ್ತಿರ 2,000 ಕಡಿಮೆ. ಇಬ್ಬರೂ ಎಕ್ಸ್‌ಟೆಂಡೆಡ್ ವಾರಂಟಿ (ದುಡ್ಡು ಕೊಟ್ಟು ವಾರಂಟಿ ಅವಧಿ ಹೆಚ್ಚಿಸಿಕೊಳ್ಳೋದು) ತಗೊಳ್ಳಿ ಅಂತ ಹಿಂದೆ ಬಿದ್ದಿದ್ದಾರೆ. ಇನ್ಶೂರೆನ್ಸ್ ಇಲ್ಲೇ ಮಾಡಿಸಬೇಕು ಅಂತಾರೆ. ಮೇನ್ ಶೋರೂಮಿನವರು ಹ್ಯಾಂಡ್ಲಿಂಗ್ ಅಂತ 1,800 ಸೇರಿಸಿದ್ದಾರೆ. ಇದರಲ್ಲಿ ಯಾವುದು ಬೇಕು, ಯಾವುದು ಬೇಡ? ವಾರಂಟಿ ಕೈಗೆ ಸಿಗಬೇಕು ಅಂದರೆ ನಾನು ಏನು ಮಾಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ. ಸಾಲ ಮಾಡಿ ತಗೊಳ್ಳುತ್ತಿರೋ ಗಾಡಿ ಇದು.

ಗುಮ್ಮಟ ನಗರಿ 28:

ತಮ್ಮಾ, ನಾನು ವಿಜಯಪುರದ ಒಂದು ಶೋರೂಮಿನಲ್ಲಿ ಆರು ವರ್ಷ ಸರ್ವಿಸ್ ಅಡ್ವೈಸರ್ ಆಗಿದ್ದೆ. ಈಗ ಬೇರೆ ಕೆಲಸದಲ್ಲಿದ್ದೇನೆ. ಕೌಂಟರಿನ ಆ ಕಡೆಯಿಂದ ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಅದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥ ಆಗುತ್ತದೆ.

ವಾರಂಟಿ ಕೊಡೋದು ಕಂಪನಿ, ಶೋರೂಮ್ ಅಲ್ಲ. ನೀವು ದೂರು ತಂದಾಗ ಅಡ್ವೈಸರ್ ಜಾಬ್ ಕಾರ್ಡ್, ಅಂದರೆ ದೂರು ಮತ್ತು ಮಾಡಬೇಕಾದ ಕೆಲಸದ ಚೀಟಿ, ಬರೆಯುತ್ತಾನೆ. ಮೆಕ್ಯಾನಿಕ್ ನೋಡಿ ಇದು ತಯಾರಿಕೆಯ ದೋಷ ಅಂದರೆ, ಫೋಟೋ, ಮೀಟರ್ ರೀಡಿಂಗ್, ಹಿಂದಿನ ಸರ್ವಿಸ್ ದಾಖಲೆ ಎಲ್ಲ ಸೇರಿಸಿ ಕಂಪನಿಗೆ ಕ್ಲೇಮ್ ಹಾಕುತ್ತಾರೆ. ತೆಗೆದ ಹಳೆ ಪಾರ್ಟಿಗೆ ಚೀಟಿ ಕಟ್ಟಿ ಇಡಬೇಕು, ಕಂಪನಿಯವರು ಕೇಳಿದರೆ ತೋರಿಸಬೇಕು. ಕಂಪನಿ ಒಪ್ಪಿದರೆ ದುಡ್ಡು ಬರುತ್ತದೆ. ತಿರಸ್ಕರಿಸಿದರೆ ಆ ಪಾರ್ಟಿನ ಬೆಲೆ ಶೋರೂಮಿನ ತಲೆ ಮೇಲೆ. ಅದಕ್ಕೇ ಅಡ್ವೈಸರ್ ಗಾಡಿ ನೋಡೋ ಮೊದಲು ಸರ್ವಿಸ್ ಪುಟ ನೋಡೋದು. ಒಂದು ಸರ್ವಿಸ್ ತಪ್ಪಿದ್ದು ಕಂಡರೆ ಕ್ಲೇಮ್ ಹಾಕೋ ಧೈರ್ಯವೇ ಅವನಿಗೆ ಇರುವುದಿಲ್ಲ.

ಎರಡನೇ ಮಾತು. ವಾರಂಟಿ ಅಂದರೆ ಗಾಡಿಗೆ ಏನಾದರೂ ಪುಕ್ಕಟೆ ರಿಪೇರಿ ಅಂತ ಅಲ್ಲ. ತಯಾರಿಕೆಯಲ್ಲೇ ತಪ್ಪಿದ್ದರೆ, ಲೋಹದಲ್ಲೇ ದೋಷ ಇದ್ದರೆ ಮಾತ್ರ. ಓಡಿದಂತೆ ಸವೆಯುವ ವಸ್ತು ಅದರಲ್ಲಿ ಬರುವುದಿಲ್ಲ. ಬ್ರೇಕ್ ಶೂ, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಕೇಬಲ್, ಚೈನ್ ಸ್ಪ್ರಾಕೆಟ್, ಬಲ್ಬ್, ಏರ್ ಫಿಲ್ಟರ್, ಪ್ಲಗ್, ಆಯಿಲ್ ಇವೆಲ್ಲ ನಿಮ್ಮ ಖರ್ಚು. ಟೈರು ಮತ್ತು ಬ್ಯಾಟರಿಗೆ ಆಯಾ ಟೈರ್ ಕಂಪನಿ, ಬ್ಯಾಟರಿ ಕಂಪನಿಯದ್ದೇ ಬೇರೆ ವಾರಂಟಿ ಇರುತ್ತದೆ. ನಿಮ್ಮ ಅಣ್ಣನ ವಿಷಯಕ್ಕೆ ಬಂದರೆ, ಕೆಲವು ಕಂಪನಿಗಳ ಬುಕ್ಕಿನಲ್ಲಿ ಆಯಿಲ್ ಸೀಲ್, ಗ್ಯಾಸ್ಕೆಟ್ ಕೂಡ ಸವೆಯುವ ಪಟ್ಟಿಯಲ್ಲೇ ಇರುತ್ತದೆ. ಸೀಲ್ ಹೋಗಿ ಜಿನುಗಿದ್ದರೆ ಸರ್ವಿಸ್ ಎಲ್ಲ ಸರಿಯಿದ್ದರೂ ಸಿಗದೇ ಇರಬಹುದಿತ್ತು. ಅದೇ ಇಂಜಿನ್ನಿನ ಹೊರಕವಚ (ಕೇಸಿಂಗ್) ಬಿರುಕು ಬಿಟ್ಟು ಜಿನುಗಿದ್ದರೆ ಅದು ಶುದ್ಧ ತಯಾರಿಕೆ ದೋಷ. ಎಲ್ಲಿಂದ ಜಿನುಗಿತು ಅಂತ ಅವತ್ತು ಯಾರೂ ಬರೆದುಕೊಡಲಿಲ್ಲ, ಅಲ್ವಾ? ತಪ್ಪಿದ್ದು ಅಲ್ಲಿ.

ಈಗ ನಿಮ್ಮ ಲೆಕ್ಕ ನೋಡಿ. ದಿನಕ್ಕೆ 60 ಅಂದರೆ ತಿಂಗಳಿಗೆ 25 ದಿನ ಹಿಡಿದರೂ 1,500 ಕಿಮೀ. ಬುಕ್ಕಿನಲ್ಲಿ "5 ವರ್ಷ ಅಥವಾ 70,000 ಕಿಮೀ, ಯಾವುದು ಮೊದಲೋ ಅದು" ಅಂತ ಇದ್ದರೆ ನಿಮಗೆ ನಾಲ್ಕು ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ಮಾರುವವರು ವರ್ಷ ಮಾತ್ರ ಹೇಳುತ್ತಾರೆ. ನೀವು ಕಿಮೀ ಕೇಳಿ. ಎಕ್ಸ್‌ಟೆಂಡೆಡ್ ವಾರಂಟಿಗೂ ಇದೇ ಪ್ರಶ್ನೆ: ವರ್ಷದ ಜೊತೆ ಕಿಮೀ ಕೂಡ ಹೆಚ್ಚಾಗುತ್ತದಾ, ಇಲ್ಲ ವರ್ಷ ಮಾತ್ರವಾ? ನಿಮ್ಮಂಥ ಜಾಸ್ತಿ ಓಡಿಸುವವರಿಗೆ ಕಿಮೀ ಹೆಚ್ಚಾಗದಿದ್ದರೆ ಆ ದುಡ್ಡು ದಂಡ. ಇಡೀ ಗಾಡಿಗಾ, ಬರೀ ಇಂಜಿನ್ ಒಳಗಿನ ಪಾರ್ಟಿಗಾ ಅಂತಲೂ ಕೇಳಿ. ಎಷ್ಟೋ ಕಂಪನಿಗಳು ಅದನ್ನು ಆಮೇಲೆ ತಗೊಳ್ಳೋಕೂ ಒಂದು ಗಡುವು ಕೊಡುತ್ತವೆ. ಇವತ್ತೇ ತಗೊಳ್ಳಬೇಕು ಅಂದರೆ ಆ ನಿಯಮ ತೋರಿಸಿ ಅನ್ನಿ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಮೊದಲ ಸರ್ವಿಸ್. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 500ರಿಂದ 750 ಕಿಮೀ ಅಥವಾ ತಿಂಗಳು, ಒಂದೂವರೆ ತಿಂಗಳು, ಯಾವುದು ಮೊದಲೋ ಅದು ಅಂತ ಇರುತ್ತದೆ. ನೀವು ತಿಂಗಳು ಆಗಲಿ ಅಂತ ಕೂತರೆ ಅಷ್ಟರಲ್ಲಿ 1,500 ಓಡಿರುತ್ತದೆ, ಮೊದಲ ಸರ್ವಿಸ್ ಆಗಲೇ ತಪ್ಪಿರುತ್ತದೆ. ಹತ್ತು ಹನ್ನೆರಡು ದಿನಕ್ಕೇ ಹೋಗಬೇಕು. ಫ್ರೀ ಸರ್ವಿಸ್ ಅಂದರೆ ಕೂಲಿ ಮಾತ್ರ ಫ್ರೀ. ಆಯಿಲ್, ಫಿಲ್ಟರ್ ದುಡ್ಡು ಕೊಡಲೇಬೇಕು, ಅದಕ್ಕೆ ಜಗಳ ಮಾಡಬೇಡಿ. ಬಿಲ್ ಮಾತ್ರ ಬಿಡಬೇಡಿ.

ಇನ್ನು ಜಾಬ್ ಕಾರ್ಡ್. ಗದ್ದಲದ ದಿನ ನಾವೇ "ಜನರಲ್ ಸರ್ವಿಸ್" ಅಂತ ಒಂದು ಸಾಲು ಬರೆದು ಮುಗಿಸುತ್ತಿದ್ದೆವು. ಅದನ್ನು ಒಪ್ಪಬೇಡಿ. ನಿಮ್ಮ ದೂರು ನಿಮ್ಮ ಮಾತಲ್ಲೇ ಬರೆಸಿ. "ಎಡಗಡೆ ಇಂಜಿನ್ ಕವರ್ ಕೆಳಗೆ ಆಯಿಲ್ ಜಿನುಗುತ್ತಿದೆ, ಎರಡನೇ ಸಲ ತಂದಿದ್ದು" ಹೀಗೆ. ಮೀಟರ್ ರೀಡಿಂಗ್, ತಾರೀಖು ಇರಬೇಕು. ಸಹಿ ಮಾಡೋ ಮೊದಲು ಓದಿ, ಒಂದು ಪ್ರತಿ ತಗೊಳ್ಳಿ, ಕೊಡದಿದ್ದರೆ ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ. ವಾರಂಟಿ ಒಳಗೆ ಬರೆಸಿದ ದೂರು ಸರಿಹೋಗದೆ ಅವಧಿ ಮುಗಿದರೂ, ದೂರು ಹಳೆಯದು ಅಂತ ತೋರಿಸೋಕೆ ಆ ಕಾಗದ ಇರುತ್ತದೆ. ವಾರಂಟಿಯಲ್ಲಿ ಹಾಕಿದ ಹೊಸ ಪಾರ್ಟಿಗೆ ಹೊಸದಾಗಿ ಐದು ವರ್ಷ ಸಿಗುವುದಿಲ್ಲ, ಉಳಿದ ಅವಧಿ ಮಾತ್ರ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಜಮಖಂಡಿ ಗ್ಯಾರೇಜ್:

ಅಡ್ವೈಸರ್ ಅಣ್ಣ ಹೇಳಿದ್ದು ಬಹುತೇಕ ಸರಿ. ಆದರೆ ಒಂದು ಮಾತು ಒಪ್ಪೋಕೆ ಆಗಲ್ಲ. ನಾನು 18 ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ಹೊರಗೆ ಒಂದು ಸರ್ವಿಸ್ ಮಾಡಿಸಿದ ಅಂತ ಇಡೀ ಗಾಡಿಯ ವಾರಂಟಿ ಹೋಯಿತು ಅನ್ನೋದು ಸುಲಭದ ಉತ್ತರ. ನನ್ನಲ್ಲಿ ಆಯಿಲ್ ಬದಲಿಸಿದ್ದಕ್ಕೂ ಮೀಟರ್ ಕನ್ಸೋಲ್ ಕೆಟ್ಟಿದ್ದಕ್ಕೂ ಏನು ಸಂಬಂಧ? ಫೋರ್ಕ್ ಬೆಂಡ್ ಬಂದಿದ್ದರೆ ಏನು ಸಂಬಂಧ? "ಯಾವ ಕಾರಣಕ್ಕೆ ಕೊಡಲ್ಲ ಅಂತ ಜಾಬ್ ಕಾರ್ಡ್ ಮೇಲೆ ಬರೆದುಕೊಡಿ" ಅಂತ ಕೇಳಬೇಕು. ಬಾಯಲ್ಲಿ ಸಲೀಸಾಗಿ ಇಲ್ಲ ಅನ್ನುವವರು ಪೆನ್ನು ಹಿಡಿಯುವಾಗ ಯೋಚನೆ ಮಾಡುತ್ತಾರೆ.

ಹಾಗಂತ ವಾರಂಟಿ ಇರೋ ಗಾಡಿ ನನ್ನ ಹತ್ತಿರ ತನ್ನಿ ಅಂತ ಹೇಳುತ್ತಿಲ್ಲ. ತರಬೇಡಿ. ಗೊತ್ತಿರುವವರು ತಂದರೂ ಪಂಕ್ಚರ್ ಬಿಟ್ಟು ಬೇರೆ ಏನೂ ಮುಟ್ಟದೆ ವಾಪಸ್ ಕಳಿಸುತ್ತೇನೆ. ಅವರ ಐದು ವರ್ಷ ನನ್ನ ಇನ್ನೂರು ರೂಪಾಯಿಗೆ ಹೋಗಬಾರದು.

ವೈರಿಂಗ್ ವಿಷಯ ಮಾತ್ರ ಬಹಳ ಹುಷಾರು. ನಮ್ಮ ಕಡೆ ಹೊಸ ಗಾಡಿ ಬಂದ ವಾರಕ್ಕೇ ದೊಡ್ಡ ಹಾರ್ನ್, ಫಾಗ್ ಲೈಟ್, ಮೊಬೈಲ್ ಚಾರ್ಜರ್ ಹಾಕಿಸುತ್ತಾರೆ. ಹಾಕುವವನು ವೈರ್ ಕತ್ತರಿಸಿ, ಸಿಪ್ಪೆ ತೆಗೆದು, ತಿರುಚಿ, ಕಪ್ಪು ಟೇಪ್ ಸುತ್ತುತ್ತಾನೆ. ಮಳೆಗಾಲದಲ್ಲಿ ಅಲ್ಲಿ ನೀರು ಕೂತು ತಾಮ್ರ ಹಸಿರು ಕಟ್ಟುತ್ತದೆ. ಮುಂದೆ ಸೆಲ್ಫ್ ಕೈ ಕೊಟ್ಟರೂ, ಇಂಜಿನ್ ನಿಯಂತ್ರಿಸುವ ಈಸಿಯು ಹೋದರೂ ಕಂಪನಿಯವರು ಆ ಟೇಪ್ ಬಿಚ್ಚಿ ಫೋಟೋ ತೆಗೆಯುತ್ತಾರೆ. ಅಲ್ಲಿಗೆ ಎಲೆಕ್ಟ್ರಿಕಲ್ ವಾರಂಟಿ ಮುಗಿಯಿತು. ಬೇಕೇ ಬೇಕು ಅಂದರೆ ವೈರ್ ಕತ್ತರಿಸದೆ ಕಪ್ಲರ್‌ನಲ್ಲಿ ಕೂರುವ ಕಂಪನಿ ಸಾಮಾನನ್ನು ಶೋರೂಮಲ್ಲೇ ಹಾಕಿಸಿ, ಬಿಲ್ಲಿನಲ್ಲಿ ಬರೆಸಿ.

ಡೆಲಿವರಿ ದಿನ ಟೈರ್ ಪಕ್ಕದಲ್ಲಿ ಉದ್ದನೆ ಗುಳಿಯೊಳಗೆ ನಾಲ್ಕು ಅಂಕಿ ಇರುತ್ತದೆ, ನೋಡಿ. 2325 ಅಂದರೆ 2025ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಬಹಳ ಹಳೆಯದಿದ್ದರೆ ಗಾಡಿ ಎಷ್ಟು ದಿನದಿಂದ ಗೋಡೌನಲ್ಲಿ ನಿಂತಿದೆ ಅಂತ ಕೇಳಿ. ಎರೆ ಹೊಲದ ರಸ್ತೆಯಲ್ಲಿ ಓಡಾಡುವವರಾದರೆ ಮಳೆಗಾಲದಲ್ಲಿ ಮಡ್‌ಗಾರ್ಡ್ ಒಳಗಿನ ಮಣ್ಣು ಅವತ್ತೇ ತೆಗೀರಿ. ಒಣಗಿ ಕಲ್ಲಾದರೆ ಚಕ್ರ ತಿಕ್ಕಿ ತಿಕ್ಕಿ ಓಡುತ್ತದೆ, ಅದಕ್ಕೆ ಯಾವ ವಾರಂಟಿಯೂ ಇಲ್ಲ.

ಗುಮ್ಮಟ ನಗರಿ 28:

ಗ್ಯಾರೇಜ್ ಅಣ್ಣ, ಬರೆದುಕೊಡಿ ಅಂತ ಕೇಳಬೇಕು ಅನ್ನೋದು ನೂರಕ್ಕೆ ನೂರು ಸರಿ. ಸಂಬಂಧ ಇಲ್ಲದ ಪಾರ್ಟಿಗೂ ವಾರಂಟಿ ಇಲ್ಲ ಅಂದದ್ದನ್ನು ನಾನೂ ನೋಡಿದ್ದೇನೆ, ಅದು ಅನ್ಯಾಯ. ಇಂಜಿನ್ ಒಳಗಿನ ದೂರಿಗೆ ಮಾತ್ರ ಆಯಿಲ್ ದಾಖಲೆ ಇಲ್ಲದಿದ್ದರೆ ಕಂಪನಿ ಹತ್ತಿರ ವಾದ ಮಾಡೋದು ಕಷ್ಟ.

ಘಟಪ್ರಭಾ ದಂಡೆ:

ನಾನು ಗೋಕಾಕದವನು. ಬೆಳಗಾವಿಯಲ್ಲಿ ಗಾಡಿ ತಗೊಂಡಿದ್ದೆ, ಶೋರೂಮ್ ಹೆಸರು ಬೇಡ. 900 ಕಿಮೀ ಆಗುವಷ್ಟರಲ್ಲೇ ಎರಡನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬೀಳೋಕೆ ಶುರುವಾಯಿತು. ಏರಿನಲ್ಲಿ, ಹಿಂದೆ ಹೆಂಡತಿ ಕೂತಿದ್ದಾಗ ಗೇರ್ ಬಿಟ್ಟರೆ ಜೀವ ಬಾಯಿಗೆ ಬರುತ್ತದೆ. ಎರಡು ಸಲ ತೋರಿಸಿದೆ. "ಹೊಸ ಗಾಡಿ ಸರ್, ಸೆಟ್ ಆಗುತ್ತೆ" ಅಂದರು. ಆಮೇಲೆ ನೋಡಿದರೆ ಎರಡೂ ಜಾಬ್ ಕಾರ್ಡಿನಲ್ಲಿ ಗೇರ್ ಅನ್ನೋ ಪದವೇ ಇಲ್ಲ, ವಾಶ್ ಮತ್ತು ಜನರಲ್ ಚೆಕಪ್ ಅಷ್ಟೇ. ಮೂರನೇ ಸಲ ನಿಂತು ಬರೆಸಿದೆ. ನಾಲ್ಕನೇ ಸಲ ಅವರ ಮೆಕ್ಯಾನಿಕ್ಕನ್ನೇ ಹಿಂದೆ ಕೂರಿಸಿಕೊಂಡು ಏರು ಹತ್ತಿಸಿ ತೋರಿಸಿದೆ, ಅವನ ಮುಂದೆಯೇ ಗೇರ್ ಬಿಟ್ಟಿತು. ಅದನ್ನೂ ಕಾರ್ಡಿನಲ್ಲಿ ಬರೆಸಿದೆ.

ಆಮೇಲೆ ಮೂರು ದಾರಿ ಹಿಡಿದೆ. ಕಂಪನಿಯ ಕಸ್ಟಮರ್ ಕೇರ್‌ಗೆ ಜಾಬ್ ಕಾರ್ಡ್ ಫೋಟೋ ಸಮೇತ ಇಮೇಲ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ನೋಂದಣಿ. ಕೊನೆಗೆ ಶೋರೂಮ್ ಮತ್ತು ಕಂಪನಿ ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್. 15 ದಿನದಲ್ಲಿ ಸರಿ ಮಾಡದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತ ಬರೆದೆ. ವಕೀಲರು ಬೇಕಾಗಲಿಲ್ಲ, ನಾನೇ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದದ್ದು. ಹನ್ನೊಂದನೇ ದಿನ ಕಂಪನಿಯ ಇಂಜಿನಿಯರ್ ಬಂದು ತಾವೇ ಓಡಿಸಿ ನೋಡಿದರು. ಇಂಜಿನ್ ಬಿಚ್ಚಿ ಗೇರ್ ಸೆಟ್ಟೇ ಬದಲಿಸಿದರು. ಒಂದು ಪೈಸೆ ಕೊಡಲಿಲ್ಲ. ಮೊದಲ ದೂರಿನಿಂದ ಅಲ್ಲಿಗೆ ನಾಲ್ಕು ತಿಂಗಳು ಹಿಡಿಯಿತು. ಮೊದಲೆರಡು ಸಲವೇ ಸರಿಯಾಗಿ ಬರೆಸಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಅಷ್ಟಕ್ಕೂ ಆಗದಿದ್ದರೆ ಏನು ಅಂತ ಆಗ ವಿಚಾರಿಸಿಕೊಂಡಿದ್ದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದದ್ದು 2020ರ ಜುಲೈ 20. ಅದರಲ್ಲಿ ನಮ್ಮಂಥವರಿಗೆ ಬಹಳ ಅನುಕೂಲ ಏನೆಂದರೆ, ಗಾಡಿ ಎಲ್ಲೇ ತಗೊಂಡಿರಲಿ, ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ನೀವು ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ತಗೊಂಡರೂ ಬಾಗಲಕೋಟೆ ಜಿಲ್ಲಾ ಆಯೋಗದಲ್ಲಿ ಕೇಸ್ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಹಾಕಬೇಕು. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ತೀರ್ಪಿಗೆ 3 ತಿಂಗಳು, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾದರೆ 5 ತಿಂಗಳು ಅಂತ ಕಾಯ್ದೆ ಹೇಳುತ್ತದೆ. ನಿಜವಾಗಿ ಜಾಸ್ತಿಯೇ ಹಿಡಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಇರಲಿ. ಕೇಸಿನಲ್ಲಿ ಶೋರೂಮ್ ಮತ್ತು ಕಂಪನಿ ಇಬ್ಬರನ್ನೂ ಸೇರಿಸಿ. ಒಬ್ಬರನ್ನೇ ಹಿಡಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಸಿಂದಗಿ ಟೀಚರ್:

ಇನ್ಶೂರೆನ್ಸ್ ಮತ್ತು ಹ್ಯಾಂಡ್ಲಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ. ಕಳೆದ ವರ್ಷ ಸ್ಕೂಟರ್ ತಗೊಂಡೆ.

ಹ್ಯಾಂಡ್ಲಿಂಗ್ ಸರ್ಕಾರದ ಶುಲ್ಕ ಅಲ್ಲ. ಗಾಡಿ ಬೆಲೆ, ರಸ್ತೆ ತೆರಿಗೆ, ನೋಂದಣಿ, ವಿಮೆ ಇಷ್ಟಕ್ಕೆ ಲೆಕ್ಕ ಇರುತ್ತದೆ. ಇದಕ್ಕೆ ಏನು ಲೆಕ್ಕ ಅಂತ ಕೇಳಿ, ಬಿಲ್ಲಿನಲ್ಲಿ ಬರೆದುಕೊಡಿ ಅನ್ನಿ. ಬಿಲ್ ಕೊಡದೇ ಇರೋದೇ ಆ ಗ್ರಾಹಕ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಹೆಲ್ಮೆಟ್ಟಿಗೂ ದುಡ್ಡು ಸೇರಿಸಿದ್ದಾರಾ ನೋಡಿ. ಕೇಂದ್ರ ಮೋಟಾರು ವಾಹನ ನಿಯಮ 138ರ ಪ್ರಕಾರ ಹೊಸ ದ್ವಿಚಕ್ರ ವಾಹನದ ಜೊತೆ ಐಎಸ್ಐ ಗುರುತಿನ ಹೆಲ್ಮೆಟ್ ತಯಾರಕರೇ ಕೊಡಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ. ಕೊಟೇಶನ್ ಹಳೆಯದಾ ಅಂತಲೂ ನೋಡಿಕೊಳ್ಳಿ.

ವಿಮೆ ಅವರ ಹತ್ತಿರವೇ ಮಾಡಿಸಬೇಕು ಅಂತ ಎಲ್ಲೂ ಇಲ್ಲ. ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಬರುವ ವಿಮೆ) ಕಡ್ಡಾಯ, 2018ರ ಸೆಪ್ಟೆಂಬರ್ 1ರಿಂದ ಹೀಗಿದೆ. ನಿಮ್ಮ ಗಾಡಿಯ ಹಾನಿಗೆ ಬರುವ ಓನ್ ಡ್ಯಾಮೇಜ್ ಒಂದು ವರ್ಷಕ್ಕೆ ಮಾಡಿಸಿದರೂ ನಡೆಯುತ್ತದೆ. ಚಾಸಿ ನಂಬರ್, ಇಂಜಿನ್ ನಂಬರ್ ಕೇಳಿ ತಗೊಂಡು ಹೊರಗೆ ಎರಡು ಕಡೆ ಬೆಲೆ ನೋಡಿ. ನನಗೆ ಸಾವಿರದ ಮೇಲೆ ಉಳಿಯಿತು.

ವಾರಂಟಿ, ವಿಮೆ ಎರಡೂ ಬೇರೆ ಬೇರೆ ಅನ್ನೋದು ನಮ್ಮ ಮಂದಿಗೆ ಪೆಟ್ಟು ಬಿದ್ದಾಗಲೇ ಗೊತ್ತಾಗೋದು. ಬಿದ್ದರೆ, ಕಳುವಾದರೆ, ನೀರಲ್ಲಿ ಮುಳುಗಿದರೆ ವಾರಂಟಿ ಬರುವುದಿಲ್ಲ, ವಿಮೆ ಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಬಂದಾಗ ರಾಮದುರ್ಗದಲ್ಲಿ ನಮ್ಮ ಸೋದರಮಾವನ ಗಾಡಿ ಮುಳುಗಿತ್ತು. ನೀರು ಇಳಿದ ಕೂಡಲೇ ಅವರು ಕಿಕ್ ಹೊಡೆದರು. ಇಂಜಿನ್ ಒಳಗೆ ನೀರು ಇತ್ತು, ಕನೆಕ್ಟಿಂಗ್ ರಾಡ್ ಬಾಗಿ ಹೋಯಿತು. ನೀರು ತುಂಬಿದ ಇಂಜಿನ್ ಸ್ಟಾರ್ಟ್ ಮಾಡಿ ಆದ ಹಾನಿ ಅಂತ ವಿಮೆಯವರು ಇಂಜಿನ್ ಖರ್ಚು ಕೊಡಲಿಲ್ಲ. ಉಳಿದದ್ದಕ್ಕೆ ಕೊಟ್ಟರು. ನದಿ ದಂಡೆಯವರು ಇದನ್ನು ಮರೆಯಬೇಡಿ, ಮುಳುಗಿದ ಗಾಡಿಯ ಕೀ ತಿರುಗಿಸಬೇಡಿ, ಎತ್ತಿಕೊಂಡೇ ಹೋಗಿ.

ಬ್ಯಾಟರಿ ವಾರಂಟಿ ಕಾರ್ಡ್ ಕೇಳಿ ತಗೊಳ್ಳಿ, ಬ್ಯಾಟರಿ ಮೇಲಿನ ನಂಬರ್ ಕಾರ್ಡಿನ ನಂಬರಿಗೆ ಹೊಂದುತ್ತದಾ ಅಲ್ಲೇ ನೋಡಿ. ನನ್ನದು ಎಂಟನೇ ತಿಂಗಳಿಗೆ ಸತ್ತಿತು. ಕಾರ್ಡ್ ಇದ್ದದ್ದಕ್ಕೆ ಮೂರೇ ದಿನದಲ್ಲಿ ಹೊಸದು ಸಿಕ್ಕಿತು.

ಬೀಳಗಿ ಸವಾರ:

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಎರಡು ಸಲ ಓದಿದೆ, ಅಣ್ಣನಿಗೂ ಓದಿಸಿದೆ. ಸಬ್ ಡೀಲರ್ ಬಗ್ಗೆ ಒಂದು ಮಾತು ಹೇಳಿ. 2,000 ಕಡಿಮೆ ಅನ್ನೋದು ಮನಸ್ಸಿನಿಂದ ಹೋಗುತ್ತಿಲ್ಲ.

ಗುಮ್ಮಟ ನಗರಿ 28:

ಸಬ್ ಡೀಲರ್ ಅಂದ ತಕ್ಷಣ ಮೋಸ ಅಲ್ಲ. ಆದರೆ ಬಿಲ್ ಯಾರ ಹೆಸರಲ್ಲಿ ಬರುತ್ತದೆ ನೋಡಿ. ಜಿಎಸ್‌ಟಿ ನಂಬರ್ ಇರುವ ಅಧಿಕೃತ ಡೀಲರ್ ಬಿಲ್ ಇರಬೇಕು, ಬಿಳಿ ಹಾಳೆಯ ರಸೀದಿ ನಡೆಯಲ್ಲ. ವಾರಂಟಿ ಶುರುವಾಗೋದು ಮಾರಾಟದ ತಾರೀಖಿನಿಂದ, ಆ ತಾರೀಖು ಕಂಪನಿಯ ಸಿಸ್ಟಮ್ಮಿನಲ್ಲಿ ಸರಿಯಾಗಿ ಹತ್ತಿರಬೇಕು. ವಾರಂಟಿ ಕೆಲಸ ಅಲ್ಲೇ ಮಾಡುತ್ತಾರಾ ಅಂತಲೂ ಕೇಳಿ. ಎಷ್ಟೋ ಕಡೆ ಅವರ ಹತ್ತಿರ ಆಯಿಲ್ ಬದಲಿಸುವ ಮಟ್ಟಿಗೆ ಮಾತ್ರ ಕೆಲಸ ಇರುತ್ತದೆ, ಕ್ಲೇಮ್ ಬಂದರೆ ಮೇನ್ ಶೋರೂಮಿಗೇ ಕಳಿಸುತ್ತಾರೆ. ನೀವು ದಿನಾ ನವನಗರಕ್ಕೆ ಹೋಗುವವರು. ಬೆಳಗ್ಗೆ ಗಾಡಿ ಸರ್ವಿಸ್‌ಗೆ ಬಿಟ್ಟು ಸಂಜೆ ತಗೊಂಡು ಬರಬಹುದು. ನನ್ನ ಲೆಕ್ಕದಲ್ಲಿ ಬಾಗಲಕೋಟೆಯೇ ಸರಿ, ಆ 2,000 ಎರಡು ಸಲ ಓಡಾಡಿದರೆ ಮುಗಿಯುತ್ತದೆ.

ಬೀಳಗಿ ಸವಾರ:

ಶನಿವಾರ ಹೋಗಿ ಬಂದೆ. ದುಡ್ಡು ಕಟ್ಟೋ ಮೊದಲು ವಾರಂಟಿ ಬುಕ್ ತೋರಿಸಿ ಅಂದೆ. "ಗಾಡಿ ಜೊತೆ ಬರುತ್ತೆ ಸರ್" ಅಂದರು. ಈಗಲೇ ನೋಡಬೇಕು ಅಂದಾಗ ಒಳಗಿಂದ ಒಂದು ತಂದುಕೊಟ್ಟರು. ಅಲ್ಲೇ ಕುರ್ಚಿಯಲ್ಲಿ ಕೂತು ಅಣ್ಣ ನಾನು ಇಬ್ಬರೂ ಓದಿದೆವು. ಸವೆಯುವ ಪಟ್ಟಿಯಲ್ಲಿ ಆಯಿಲ್ ಸೀಲ್ ಇತ್ತು. ಅಣ್ಣ ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತ.

ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಕಿಮೀ ಕೂಡ ಹೆಚ್ಚಾಗುತ್ತದೆ, ಆದರೆ ಇಂಜಿನ್ ಪಾರ್ಟಿಗೆ ಮಾತ್ರ. ಆಮೇಲೆ ತಗೊಳ್ಳೋಕೂ ಅವಕಾಶ ಇದೆ ಅಂತ ಬುಕ್ಕಿನಲ್ಲೇ ಇತ್ತು, ಸದ್ಯಕ್ಕೆ ಬೇಡ ಅಂದೆ. ಹ್ಯಾಂಡ್ಲಿಂಗ್ ಬಿಲ್ಲಿನಲ್ಲಿ ಬರೆಯಿರಿ ಅಂದೆ. ಮ್ಯಾನೇಜರ್ ಒಳಗೆ ಹೋಗಿ ಬಂದು ತೆಗೆದುಹಾಕಿದರು. ಹೆಲ್ಮೆಟ್ ದುಡ್ಡೂ ಹೋಯಿತು. ಚಾಸಿ ನಂಬರ್ ಸೋಮವಾರ ಕೊಡುತ್ತಾರೆ, ವಿಮೆ ಹೊರಗೆ ನೋಡುತ್ತೇನೆ.

ಪಾಡ್ಯದ ದಿನ ಗಾಡಿ ಬರುತ್ತದೆ. ಮೊದಲ ಸರ್ವಿಸ್‌ಗೆ ಅಲ್ಲಿಂದ ಹತ್ತನೇ ದಿನದ ಅಪಾಯಿಂಟ್‌ಮೆಂಟ್ ಈಗಲೇ ಬರೆಸಿ ಬಂದಿದ್ದೇನೆ, ಅಷ್ಟೊತ್ತಿಗೆ ಮೀಟರಿನಲ್ಲಿ 600 ತೋರಿಸುತ್ತಿರುತ್ತದೆ.